ಹೊನ್ನಪ್ಪನ ಮನೆಯ ಗುರುತು

"ಲೇ ತಿಮ್ಮಿ, ಇದೇನೇ ಇದು? ಕಣ್ಣೇನು ಕುಂಡೀಲಿ ಮಡೀಕಂಡಿದ್ದಾ, ಮುಂಡೆ?"

ಪಂಚಾಯ್ತಿ ಆಫೀಸಿನ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಹೊನ್ನಪ್ಪ ಬಾವುಟದ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಅಧ್ಯಕ್ಷೆ ಅವನ ಹೆಂಡತಿ. ಕುರ್ಚಿ ಮಾತ್ರ ಇವನದು. ಬಾವುಟದ ಉಳಿದ ಭಾಗ ಅವನ ಮೊಣಕಾಲಿನಿಂದ ಜಾರಿ ನೆಲಕ್ಕೆ ತಾಗುತ್ತಿತ್ತು. ಜಗಲಿಯ ಕೆಳಗೆ ನಿಂತಿದ್ದ ತಿಮ್ಮಮ್ಮನಿಗೆ ಮೊದಲು ಕಂಡದ್ದೇ ಅದು. ನಾಲೆಯಲ್ಲಿ ಬೇರೆ ಬಟ್ಟೆಯ ಜೊತೆ ನೆನೆಸದೆ, ಕಲ್ಲಿಗೆ ಬಡಿಯದೆ, ಕೂಸಿಗೆ ನೀರು ಹಾಕುವ ಹಾಗೆ ಕೈಯಲ್ಲೇ ತೊಳೆದು, ನೆರಳಲ್ಲಿ ಒಣಗಿಸಿದ್ದಳು. ಇಸ್ತ್ರಿ ಹಾಕಿಕೊಟ್ಟ ಮಗಳು ಹೇಮ, ನೆಲ ಮುಟ್ಟಿಸಬೇಡ ಅವ್ವ ಎಂದು ಎರಡೆರಡು ಸಲ ಹೇಳಿ ಕಳಿಸಿದ್ದಳು. ಅದನ್ನು ಹೊನ್ನಪ್ಪನಿಗೆ ಹೇಳುವ ಧೈರ್ಯ ಯಾರಿಗಿದೆ?

ಬಾವುಟದ ಬಿಳಿ ಪಟ್ಟಿಯ ಅಂಚಿನಲ್ಲಿ ಒಂದು ಅಡ್ಡಗೆರೆ, ಅದರ ಕೆಳಗೆ ಎರಡು ಚುಕ್ಕಿ. ಕರಿಗೇರಿನ ರಸದಲ್ಲಿ ಹಾಕಿದ ಗುರುತು. ಬಟ್ಟೆ ಹರಿದು ಚಿಂದಿಯಾದರೂ ಅದು ಹೋಗುವುದಿಲ್ಲ. ಊರಿನ ಒಂದೊಂದು ಮನೆಗೂ ಒಂದೊಂದು ಗುರುತು, ತಿಮ್ಮಮ್ಮನ ಅತ್ತೆಯ ಕಾಲಕ್ಕೂ ಹಿಂದಿನದು. ಗುರುತಿಲ್ಲದ ಬಟ್ಟೆ ಯಾವಾಗಲಾದರೂ ಕಳೆದೇ ಕಳೆಯುತ್ತದೆ, ಕಳೆದರೆ ಏಟು ಬೀಳುವುದು ಅಗಸರ ಬೆನ್ನಿಗೆ. ಪಂಚಾಯ್ತಿಯ ಬಾವುಟ ಬಂದಿದ್ದು ಹೊನ್ನಪ್ಪನ ಮನೆಯ ಗಂಟಿನಲ್ಲಿ, ಅವನ ಬನೀನು, ಟವೆಲುಗಳ ನಡುವೆ ಮುದುರಿಕೊಂಡು. ಗಂಟು ಬಿಚ್ಚಿದ ತಿಮ್ಮಮ್ಮ, ಇಂಥಾದ್ದೇನಾದರೂ ಕಳೆದುಹೋದರೆ ತನ್ನ ಗತಿಯೇನು ಎಂದು ಹೆದರಿ ಮೊದಲು ಮಾಡಿದ ಕೆಲಸವೇ ಗುರುತು ಹಾಕಿದ್ದು.

"ಕಳ್ದೋಗ್ಬುಟ್ಟಾದು ಅಂತ ಆಕ್ದೆ ಬುದ್ಧಿ. ಇಂತಾ ಬಟ್ಟೆ ಕಳ್ದ್ರೆ ನಾನೆಲ್ಲಿಂದ ತರ್ಲಿ?"

"ಬಟ್ಟೆಯಂತೆ ಬಟ್ಟೆ! ದೇಸದ್ ಬಾವುಟ ಕಣೇ, ನಿಮ್ಮವ್ವನ್ ಸೀರೆ ಅಲ್ಲ. ಇದ್ರ ಮ್ಯಾಕೆ ಒಂದಕ್ಸರ ಗೀಚುದ್ರೂ ಮೂರ್ ವರ್ಸ ಒಳಗಾಕ್ತಾರೆ. ಏಳ್ಲಾ ಧರ್ಮೇಂದ್ರ ಅವ್ಳಿಗೆ."

ಬಿಲ್ ಕಲೆಕ್ಟರ್ ಧರ್ಮೇಂದ್ರ, "ಊ ಕಣಮ್ಮೋ, ಕೇಸಾಯ್ತದೆ," ಎಂದು ಮೊಬೈಲು ತೆಗೆದು ಗುರುತಿನ ಫೋಟೋ ಹಿಡಿದ. ಆಮೇಲೆ ಅದನ್ನು ತಿಮ್ಮಮ್ಮನ ಮುಖದ ಕಡೆಗೂ ತಿರುಗಿಸಿದ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ತಪ್ಪಾಯ್ತು ಬುದ್ಧಿ. ನಿಮ್ ಕಾಲಿಗ್ ಬೀಳ್ತೀನಿ."

ಹೊನ್ನಪ್ಪ ಬಾವುಟವನ್ನು ಮುದ್ದೆ ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡ. ದನಿ ಮೆತ್ತಗಾಯಿತು. ತಿಮ್ಮಮ್ಮನಿಗೆ ಅವನ ಬೈಗುಳಕ್ಕಿಂತ ಆ ಮೆತ್ತಗಿನ ದನಿಯೇ ಹೆಚ್ಚು ಭಯ.

"ನಾಳೀಕೆ ಆರ್ಸಕ್ಕೆ ಪ್ಯಾಟೆಯಿಂದ ಒಸಾದು ತರುಸ್ತೀನಿ. ಇದು ನನ್ ಬೀರುವಲ್ಲಿ ಇರ್ತದೆ. ನೀನು ನೆಟ್ಟಗಿರೋಗಂಟ ಇದೂ ತಣ್ಣಗಿರ್ತದೆ. ನಮ್ಮ ಸೊಸೆ ಎತ್ತವ್ಳೆ, ಗೊತ್ತಲ್ಲ? ಬಾಣಂತಿ ಬಟ್ಟೆ ಇತ್ಲಲ್ಲಿ ನಾರ್ತಾ ಬಿದ್ದವೆ. ಒತ್ಕಂಡೋಗಿ ಒಗ್ದಾಕು."

"ಮನೇಲಿ ಮಿಶನ್ ಐತಲ್ಲ ಬುದ್ಧಿ..."

"ಆ ಗಲೀಜ ನಮ್ ಮಿಶನ್ನಿಗೆ ಆಕಾದೇನೇ? ಇನ್ಮ್ಯಾಕೆ ಮುಟ್ಟಿಂದು, ಬಾಣಂತಿದು, ಊರಿಂದೆಲ್ಲಾ ಮೊದ್ಲಂಗೆ ನೀವೇ ಒಗೀಬೇಕು. ನಾಳಿದ್ದಿಂದ ನಿನ್ ಮಗ್ಳು ಬಂದು ಮನೆಮನೇಲೂ ಎತ್ಕಂಡೋಗ್ಲಿ. ಇಸ್ತ್ರಿ ಅಂಗ್ಡಿ ಮಡೀಕಂಡ್ಬುಟ್ರೆ ಅಗಸ್ರೋಳು ಅಲ್ಲ ಅಂದ್ಕಂಡ್ಬುಟ್ಟವ್ಳಾ?"

ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಡಿ ಹಾಕಿದ ವಾರವೇ ಹೇಮ ಊರಿನ ಬಾಗಿಲು ಬಾಗಿಲಿಗೂ ಹೋಗಿ, ಅಂಥ ಬಟ್ಟೆ ಇನ್ನು ನಮ್ಮವ್ವ ಒಗೆಯುವುದಿಲ್ಲ ಎಂದು ಹೇಳಿ ಬಂದಿದ್ದಳು. ಎಲ್ಲರೂ ಗೊಣಗಿ ಸುಮ್ಮನಾಗಿದ್ದರು. ಹೊನ್ನಪ್ಪ ಮಾತ್ರ ಆಗ ಏನೂ ಹೇಳಿರಲಿಲ್ಲ.

ತಿಮ್ಮಮ್ಮ ಮಗಳ ಅಂಗಡಿಯ ದಾರಿ ಬಿಟ್ಟು, ಗದ್ದೆಯ ಬದುವಿನ ಮೇಲೆ ಬಳಸಿಕೊಂಡು ಬಾಣಂತಿ ಬಟ್ಟೆಯ ಗಂಟು ಹೊತ್ತು ಮನೆಗೆ ಬಂದಳು. ಅಂಗಳದಲ್ಲಿ ಇಳಿಸಿದ್ದೇ ತಡ, ನೊಣ ಮುತ್ತಿದವು. ಬೀದಿಯಲ್ಲಿ ಬೈಕಿನ ಸದ್ದು ಕೇಳಿ ಪೊಲೀಸರೇ ಬಂದರೆಂದು ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಬಂದದ್ದು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಪಕ್ಕದ ಕೇರಿಯವನು. ಆದರೂ ಬಾಗಿಲು ತೆಗೆದದ್ದು ಹೇಮ ಬಂದು ಬಡಿದ ಮೇಲೆಯೇ.

"ಇದ್ಯಾಕವ್ವ ತಂದೆ?"

ತಿಮ್ಮಮ್ಮ ಎಲ್ಲವನ್ನೂ ಹೇಳಿದಳು. ಹೇಮ ಗಂಟಿನ ಬಾಯಿ ಸಡಿಲಿಸಿ ಒಂದು ಹಳೇ ಸೀರೆಯ ತುಂಡಿನ ಅಂಚು ಎಳೆದಳು. ರಕ್ತದ ಕಲೆಯ ಪಕ್ಕದಲ್ಲೇ ಒಂದು ಅಡ್ಡಗೆರೆ, ಕೆಳಗೆ ಎರಡು ಚುಕ್ಕಿ.

"ಬಾವುಟಕ್ಕೆ ಆಕಿರಾದೂ ಇದೇ ಅಲ್ವಾ?"

"ಅವ್ರ ಮನೇಗೆ ಇದೇ ಕಣೇ."

"ಅಂಗಾರೆ ಬಾವುಟ ಯಾರ್ ಮನೆ ಗಂಟಲ್ಲಿ ಬಂತು ಅಂತ ಆ ಗುರ್ತೇ ಏಳ್ತದೆ. ಬನೀನ್ ಜೊತೆ ಮುದುರಿ ಆಕ್ದೋರು ಯಾರು ಅಂತ ನಾಳೆ ಬಾವುಟ ಆರ್ಸಕ್ಕೆ ಬರೋ ಆಫೀಸರು ಕೇಳ್ಬಾರ್ದಾ?"

"ಆಕಿದ್ ಕೈ ನಂದು ತಾನೆ? ಅವ್ರು ಅವ್ರು ಒಂದಾಯ್ತಾರೆ. ಜೈಲಿಗ್ ಓಗೋಳು ನಾನು."

"ಇವತ್ತು ನೀನ್ ಒಗದ್ರೆ ನಾಳಿದ್ದು ನಾನ್ ಒರ್ಬೇಕು ಅವ್ವ," ಎಂದಳು ಹೇಮ. ಎಳೆದ ತುಂಡನ್ನು ಗಂಟಿಗೆ ತುರುಕಿದಳು. "ಮನೆಮನೆ ಮುಂದೆ ನಿಂತ್ಕಂಡು, ಮುಟ್ಟಿನ್ ಬಟ್ಟೆ ಆಕ್ರವ್ವೋ ಅಂತ ಕೂಗ್ಬೇಕು. ನಾನು ಸತ್ತೋಯ್ತೀನಿ."

ಅತ್ತೆಯ ಹಿಂದೆ ಹಾಗೆ ಕೂಗುತ್ತ ಹೋದ ಮೊದಲ ದಿನ ತಿಮ್ಮಮ್ಮನಿಗೆ ಚೆನ್ನಾಗಿ ನೆನಪಿತ್ತು.

ಬೆಳಿಗ್ಗೆ ತಿಮ್ಮಮ್ಮ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟಾಗ ಕಂಡವರೆಲ್ಲ ನಾಲೆಗೆ ಹೋಗುತ್ತಿದ್ದಾಳೆ ಅಂದುಕೊಂಡರು. ನಾಲೆಯ ತಿರುವಿನಲ್ಲಿ ಅವಳು ನಿಂತಳು. ಸುಮ್ಮನೆ ಒಗೆದು ಹಾಕಿಬಿಡೋಣ ಎಂದು ಒಗೆಯುವ ಕಲ್ಲಿನವರೆಗೂ ಹೋದಳು. ಆಮೇಲೆ ಪಂಚಾಯ್ತಿಯ ಕಡೆಗೆ ತಿರುಗಿದಳು. ಹೇಮ ಹಿಂದಿನಿಂದ ಓಡಿ ಬಂದು ಜೊತೆಗೂಡಿದಳು.

ಆಫೀಸಿನ ಮುಂದೆ ಶಾಲೆಯ ಮಕ್ಕಳು ಸಾಲುಗಟ್ಟಿದ್ದರು. ಪೇಟೆಯಿಂದ ಬಂದ ಆಫೀಸರು, ಅವರ ಹಿಂದೆ ಇಬ್ಬರು ಪೊಲೀಸರು. ಖಾಕಿ ಕಂಡೊಡನೆ ತಿಮ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆಫೀಸರು ಹಗ್ಗ ಎಳೆದರು. ಹೊಸ ಬಾವುಟ ಬಿಚ್ಚಿಕೊಂಡು ಹೂವಿನ ಎಸಳು ಉದುರಿದವು. ಎಲ್ಲರೂ ಚಪ್ಪಾಳೆ ತಟ್ಟುವಾಗ ತಿಮ್ಮಮ್ಮ ಸಾಲು ಸೀಳಿಕೊಂಡು ಬಂದಳು. ಗಂಟನ್ನು ಹೊನ್ನಪ್ಪನ ಕಾಲ ಬಳಿ ಇಳಿಸಿ, ಕಟ್ಟು ಬಿಚ್ಚಿದಳು.

"ನಿಮ್ಮನೇವು ಬುದ್ಧಿ. ಗುರ್ತು ನೋಡ್ಕಳಿ." ಅದು ತನ್ನದೇ ದನಿಯೇ ಎಂದು ಅವಳಿಗೆ ಅನುಮಾನವಾಯಿತು. ಆಫೀಸರ ಕಡೆ ತಿರುಗಿದಳು. "ಇವ್ರ ಬೀರುವಲ್ಲಿ ಒಂದು ಬಾವುಟ ಮುದ್ರಿ ಮಡ್ಗವ್ರೆ ಸ್ವಾಮಿ. ಅದ್ರ ಮ್ಯಾಲೂ ಇದೇ ಗುರ್ತದೆ. ಆಕ್ದೋಳು ನಾನೇ."

ಹೊನ್ನಪ್ಪ ಕೈ ಎತ್ತಿದ. ಅಷ್ಟರಲ್ಲಿ ಮಕ್ಕಳು ರಾಷ್ಟ್ರಗೀತೆ ಶುರು ಮಾಡಿದರು. ಆಫೀಸರು ನೆಟ್ಟಗೆ ನಿಂತರು. ಪೊಲೀಸರು ನೆಟ್ಟಗೆ ನಿಂತರು. ಹೊನ್ನಪ್ಪನ ಕೈ ತಾನಾಗಿ ಕೆಳಗಿಳಿದು ಪಂಚೆಗೆ ಅಂಟಿಕೊಂಡಿತು. ನಾತ ಎದ್ದಿತು. ಗಾಳಿಗೆ ಒಂದು ತುಂಡು ಹಾರಿ ಅವನ ಪಾದದ ಮೇಲೆ ಬಿತ್ತು. ಅವನು ಅಲುಗಾಡುವಂತಿರಲಿಲ್ಲ. ಆಫೀಸರ ಕಣ್ಣು ಮಾತ್ರ ಆ ತುಂಡಿನ ಅಂಚಿಗೆ ಇಳಿದು ಅಲ್ಲೇ ನಿಂತಿತು.

"ಮುಗೀಲಿ, ಚರ್ಮ ಸುಲೀತೀನಿ," ಎಂದ ಹೊನ್ನಪ್ಪ, ತುಟಿ ಅಲ್ಲಾಡಿಸದೆ.

ದಾರಿಯಲ್ಲಿ ಹೇಮ ಹೇಳಿಕೊಟ್ಟಿದ್ದ ಹಾಗೆ ತಿಮ್ಮಮ್ಮ ಎರಡೂ ಕೈಗಳನ್ನು ಪಕ್ಕಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಹಾಡು ಇರುವ ತನಕ ಅವಳ ಮೈಮೇಲೆ ಯಾರೂ ಕೈ ಮಾಡುವಂತಿಲ್ಲ. ಈ ಹಾಡು ಇನ್ನೊಂದಿಷ್ಟು ಉದ್ದ ಇರಲಿ ದೇವರೇ ಎಂದು ಬೇಡಿಕೊಳ್ಳುತ್ತ ಅವಳು ಬಾವುಟವನ್ನೇ ನೋಡಿದಳು. ಮಕ್ಕಳು ಕೊನೆಯ ಸಾಲಿಗೆ ಬಂದಿದ್ದರು.