ಮ್ಯೂಸಿಯಂಗೆ ಬಂದ ದೊರೆಸಾನಿ

‘ಹಂದಿ ಮತ್ತು ಮನುಷ್ಯ’ ಪ್ರದರ್ಶನದ ಮೊದಲ ದಿನ ಮಕ್ಕಳಿಗೆ ಜೀವಂತ ಹಂದಿಯೊಂದನ್ನು ತೋರಿಸಲೇಬೇಕೆಂದು ಮ್ಯೂಸಿಯಂನ ನಿರ್ದೇಶಕರು ಹಟ ಹಿಡಿದಿದ್ದರು. ಎಲ್ಲಿಂದ ತರಿಸುತ್ತೀರಿ ಎಂದು ಅಲ್ಲಿನ ಸಂಶೋಧಕಿ ಕೇಳಲು ಹೋಗಲಿಲ್ಲ. ಹಂದಿಯ ಮಾತು ಬಂದಾಗಲೆಲ್ಲ ಪುಸ್ತಕದಲ್ಲಷ್ಟೇ ಕಂಡವಳಂತೆ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ತಾನು ಊರಾಚೆಯ ಹಂದಿದೊಡ್ಡಿಯಲ್ಲಿ ಬೆಳೆದವಳೆಂದು ಕೆಲಸಕ್ಕೆ ಸೇರಿದಾಗ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ವರ್ಷಗಳನ್ನೇ ತಳ್ಳಿದ್ದಳು.

ಮೊದಲ ದಿನದ ಬೆಳಿಗ್ಗೆ ಮಕ್ಕಳೆದುರು ಅವಳ ಮಾತು ಚೆನ್ನಾಗಿಯೇ ಓಡುತ್ತಿತ್ತು. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಬಿಸಾಡಿದ್ದನ್ನು ಮೂಸುತ್ತ ಕಾಡುಹಂದಿ ಗುಡಿಸಲ ಬಳಿ ಬಂದದ್ದು, ಬರುಬರುತ್ತ ಅಲ್ಲೇ ಉಳಿದದ್ದು, ದೋಣಿ ಹತ್ತಿ ಅವನ ಜೊತೆ ದ್ವೀಪಗಳಿಗೂ ಹೋದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. “ನಮ್ಮ ಕೊಳೆಯನ್ನು ಅದು ತಿಂದಿತು, ಅದನ್ನು ನಾವು ತಿಂದೆವು. ಸಾಲದು ಅಂತ ಅದರ ಹೆಸರನ್ನೇ ಬೈಗುಳ ಮಾಡಿಕೊಂಡೆವು” ಎಂದಾಗ ದೊಡ್ಡವರೂ ತಲೆದೂಗಿದರು.

ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಹಗ್ಗ ಹಿಡಿದು ಒಳಗೆ ಬಂದವನು ಅವಳ ಅಣ್ಣ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಹಗ್ಗದ ತುದಿಯಲ್ಲಿ ಮೈ ತೊಳೆಸಿಕೊಂಡು ಮಿರಿಮಿರಿ ಮಿಂಚುವ ಹಂದಿ, ದೊರೆಸಾನಿ. ಅದು ತಾಯಿ ಸತ್ತ ಮರಿಯಾಗಿದ್ದಾಗ ಒಂದು ರಜೆಯಲ್ಲಿ ಒಲೆಯ ಪಕ್ಕ ಮಲಗಿಸಿಕೊಂಡು, ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದವಳೇ ಅವಳು. ನಡೆಯುವ ಠೀವಿ ನೋಡಿ ಆ ಹೆಸರಿಟ್ಟವಳೂ ಅವಳೇ.

ಅಣ್ಣ ಮುಖ ಅರಳಿಸಿ ಅವಳತ್ತ ನೋಡಿದ. ಅವಳು ಗಾಜಿನ ಪೆಟ್ಟಿಗೆಯಲ್ಲಿದ್ದ ಕೋರೆಹಲ್ಲಿನತ್ತ ತಿರುಗಿಬಿಟ್ಟಳು.

ದೊರೆಸಾನಿಗೆ ಆ ನಾಟಕ ತಿಳಿಯದು. ಹಗ್ಗ ಜಗ್ಗಿ ನೇರ ಅವಳ ಬಳಿಗೇ ಬಂದು, ಒದ್ದೆ ಮೂತಿಯನ್ನು ಅಂಗೈಗೆ ಒತ್ತಿ, ಮೊಣಕಾಲಿಗೆ ಮೈ ಉಜ್ಜಿ ಗುರುಗುಟ್ಟತೊಡಗಿತು. ಮಕ್ಕಳು ನಕ್ಕರು. “ಹಳೇ ಪರಿಚಯ ಇದ್ದ ಹಾಗಿದೆಯಲ್ಲ!” ಎಂದು ನಿರ್ದೇಶಕರು ತಮಾಷೆ ಮಾಡಿದರು.

ಅವಳು ಅಂಗೈ ಕಿತ್ತುಕೊಂಡು, “ಛೀ, ಹಿಡ್ಕೊಳ್ಳಿ ಇದನ್ನ. ಗಲೀಜು” ಎಂದುಬಿಟ್ಟಳು.

ಅಣ್ಣನ ಮುಖ ಒಂದು ಗಳಿಗೆ ಬಣ್ಣಗೆಟ್ಟಿತು. ಆಮೇಲೆ ಹಗ್ಗವನ್ನು ಕೈಗೆ ಸುತ್ತಿಕೊಂಡು, “ತಪ್ಪಾಯ್ತು ಮೇಡಂ” ಎಂದ.

ಎತ್ತಿ ಆಡಿಸಿದ ಅಣ್ಣ, ದೊಡ್ಡಿಯ ದುಡಿಮೆಯಲ್ಲೇ ಅವಳನ್ನು ಓದಿಸಿದ ಅಣ್ಣ. ಉಳಿದ ಮಾತನ್ನು ಅವಳು ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ.

ಜನ ಕರಗಿದ ಮೇಲೆ ಹಿಂಬದಿಯ ಅಂಗಳಕ್ಕೆ ಓಡಿದಳು. ಅಣ್ಣ ದೊರೆಸಾನಿಯನ್ನು ಗಾಡಿಗೆ ಹತ್ತಿಸಿ, ಅದು ಮಾಡಿದ ಕೊಳೆಯನ್ನು ನೀರು ಸುರಿದು ಗುಡಿಸುತ್ತಿದ್ದ. ಅವಳು ಪೊರಕೆಗೆ ಕೈ ಹಾಕಿದರೆ, ಬಟ್ಟೆ ಹಾಳಾಗುತ್ತೆ ಎಂದು ಬಿಡಲಿಲ್ಲ. ಮ್ಯೂಸಿಯಂಗೆ ಹಂದಿ ಬೇಕೆಂದು ದಲ್ಲಾಳಿ ಫೋನು ಮಾಡಿದಾಗ ತಾನೇ ಬರುತ್ತೇನೆ ಎಂದು ಒಪ್ಪಿಕೊಂಡದ್ದನ್ನೂ, ಅವಳ ಭಾಷಣ ಕೇಳಿ ಬಾ ಎಂದು ಅಮ್ಮ ಕಳಿಸಿದ್ದನ್ನೂ ತಲೆಯೆತ್ತದೆ ಹೇಳಿದ.

“ಈಗ ಅಮ್ಮನಿಗೆ ಏನು ಹೇಳ್ತೀಯಣ್ಣ?”

“ಚೆನ್ನಾಗಿ ಮಾತಾಡಿದಳು ಅಂತೀನಿ. ಚೆನ್ನಾಗೇ ಮಾತಾಡಿದೆಯಲ್ಲ.”

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಆಗ ನಿರ್ದೇಶಕರು ಹೊರಗೆ ಬಂದರು. “ಸರ್, ಇವನು ನನ್ನ ಅಣ್ಣ” ಎಂದಳು. ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, ಬಂದದ್ದು ಸಂತೋಷ ಎಂದು ಅಣ್ಣನಿಗೆ ಕೈ ಚಾಚಿದರು. ಅಣ್ಣ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ, ಆದರೂ ಮುಂದೆ ಚಾಚಲಿಲ್ಲ.

“ಬೇಡ ಸಾರ್, ಗಲೀಜು” ಎಂದ.