ಇಪ್ಪತ್ತೇಳನೆಯ ಮರ

ಧಾರವಾಡದವರಿಗೆ ಮುಸುವಗಳೆಂಬ ಕರಿಮೋರೆಯ ಮಂಗಗಳೇನು ಹೊಸವಲ್ಲ. ಹೆಂಚು ಒಡೆಯುತ್ತವೆ, ಒಣಹಾಕಿದ ಸಂಡಿಗೆ ಒಯ್ಯುತ್ತವೆ, ಬೈಸಿಕೊಳ್ಳುತ್ತವೆ. ಆದರೆ ಅವು ದಿನವಿಡೀ ಏನು ಮಾಡುತ್ತವೆಂದು ಕೂತು ಬರೆದಿಡುವ ವಿಚಾರ ಗಿರಿಯಪ್ಪ ಮಾಸ್ತರಂಥವರಿಗೇ ಹೊಳೆಯಬೇಕು.

ಮಾಸ್ತರು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವರು. ದಪ್ಪ ನೋಟಬುಕ್ಕೊಂದರ ಪ್ರತಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ 'ಮುಸುವ', ಬಲಕ್ಕೆ 'ಮನುಷ್ಯ' ಎಂದು ಬರೆದಿದ್ದರು. ಎಡಗಡೆ ತುಂಬುವ ಕೆಲಸ ಕಾಲೇಜಿನ ಜವಾನ ಹುಲಗಪ್ಪನದು. ಬಲಗಡೆಯದನ್ನು ಮಾಸ್ತರು ಪುಸ್ತಕ ನೋಡಿ ತಾವೇ ತುಂಬುತ್ತಿದ್ದರು. ಮನುಷ್ಯರನ್ನು ನೋಡಲು ಹೊರಗೆ ಹೋಗುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಹುಲಗಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಮುತ್ತಿನಂಥ ಅಕ್ಷರದವನು. ಹಳಿಯಾಳ ರಸ್ತೆಯ ಕಾಡಂಚಿನ ಮರಗಳಿಗೆಲ್ಲ ಸುಣ್ಣದಿಂದ ನಂಬರು ಬರೆದವನು ಅವನೇ. ದಿನಾ ಬೆಳಿಗ್ಗೆ ಮಾಸ್ತರು ಕೊಟ್ಟ ಕೈಗಡಿಯಾರ ಕಟ್ಟಿಕೊಂಡು ಅಲ್ಲಿ ಹೋಗಿ ಕೂಡುತ್ತಿದ್ದ. ಯಾವ ಮರದಲ್ಲಿ, ಎಷ್ಟು ಗಂಟೆಗೆ, ಯಾವುದು ಯಾವುದರ ಹೇನು ನೋಡಿತು, ಯಾವುದು ಯಾವುದರಿಂದ ಎಷ್ಟು ಮೊಳ ದೂರ ಕೂತಿತು, ಎಲ್ಲವನ್ನೂ ಬರೆಯುತ್ತಿದ್ದ. ಒಂದೂವರೆ ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ತನ್ನ ಮಗಳು ಸತ್ತ ಮರುದಿನವೂ ಹೋಗಿದ್ದ.

ಅದು ಹಿಂದಿನ ಶ್ರಾವಣದ ಮಾತು. ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಕೂಸು, ಹೆಸರಿಡುವ ಮೊದಲೇ, ಒಂಬತ್ತನೆಯ ದಿನ ಕಣ್ಣು ಮುಚ್ಚಿತು. ಹೆರಿಗೆ ಮಾಡಿಸಿದ್ದ ನೆರೆಮನೆಯ ಲಾಲಬಿ, ಇನ್ನೊಂದಿಷ್ಟು ಹೊತ್ತು ತಾಯಿಯ ಉಡಿಯಲ್ಲೇ ಇರಲಿ ಬಿಡು ಎಂದಳು. ಹುಲಗಪ್ಪನ ಚಿಕ್ಕಪ್ಪ ಗಂಗಪ್ಪನ ಶಾಸ್ತ್ರ ಬೇರೆ: ತಾಯಿಗೆ ತಿಳಿಯುವ ಮೊದಲೇ ಒಯ್ಯಬೇಕು, ಇಟ್ಟ ಜಾಗ ಅವಳಿಗೆ ಹೇಳಬಾರದು, ಮಣ್ಣು ಮುಚ್ಚಿದವನು ತಿರುಗಿ ನೋಡಬಾರದು, ನೋಡಿದರೆ ಮುಂದಿನ ಕೂಸು ನಿಲ್ಲುವುದಿಲ್ಲ. ಹೇಳುವವರಿಗೇನು, ಹೇಳಿ ಎಲೆಯಡಿಕೆ ಹಾಕಿಕೊಂಡು ಕೂಡುತ್ತಾರೆ. ಹುಲಗಪ್ಪ ಒಳಗೆ ಹೋಗಿ, ಕೂಸಿಗೆ ಜ್ವರ ಏರಿದೆ, ದವಾಖಾನೆಗೆ ಒಯ್ಯುತ್ತೇನೆ ಎಂದು ಹೆಂಡತಿ ದುರಗವ್ವನ ಮುಂದೆ ಕೈ ಚಾಚಿದ. ಕೂಸು ಜ್ವರದ ಮಂಪರಿನಲ್ಲಿದೆ ಎಂದೇ ತಿಳಿದ ಅವಳು ಮಗುವಿನ ಕಿವಿಗೆ ಅರಿವೆ ಸುತ್ತಿ, ಮಳೆಗಾಳಿ ತಾಗದಂತೆ ಒಯ್ಯಿರಿ ಎಂದು ಕೊಟ್ಟಳು. ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದಾಗ ಅವಳು ಬಾಗಿಲಲ್ಲೇ ಕೂತಿದ್ದಳು.

ಅವಳು ಅಳಲಿಲ್ಲ. ರೊಟ್ಟಿ ಬಡಿದಳು, ನೀರು ತಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ಒಂದು ಮಾತೂ ಆಡಲಿಲ್ಲ. ಎಂಟು ತಿಂಗಳು ಹೀಗೇ ನಡೆಯಿತು. ಮುಸುವಗಳ ಮನಸ್ಸು ಬರೆಯುವ ಹುಲಗಪ್ಪನಿಗೆ ಎರಡು ಕೋಣೆಯ ಮನೆಯಲ್ಲಿದ್ದ ಹೆಂಡತಿಯ ಮನಸ್ಸಿನ ಬಾಗಿಲು ಎಲ್ಲಿದೆ ಎಂಬುದೇ ತಿಳಿಯದೆ ಹೋಯಿತು. ಅವಳು ಒಮ್ಮೆ ತನ್ನನ್ನು ಬೈದರೂ ಸಾಕು, ಬದುಕಿಕೊಳ್ಳುತ್ತೇನೆ ಎಂದು ಅವನಿಗೆ ಅನಿಸುತ್ತಿತ್ತು.

ಚೈತ್ರದಲ್ಲಿ, ಕಿವಿಹರಕಿ ಎಂದು ಅವನೇ ಹೆಸರಿಟ್ಟಿದ್ದ ಮುಸುವದ ಮರಿ ಟೊಂಗೆಯಿಂದ ಬಿದ್ದು ಸತ್ತಿತು. ತಾಯಿ ಬಿಡಲಿಲ್ಲ. ಸತ್ತ ಮರಿಯನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಮೂರು ಕಾಲಿನಲ್ಲಿ ಕುಂಟುತ್ತ ಗುಂಪಿನ ಹಿಂದೆ ಹೋಯಿತು. ಹುಲಗಪ್ಪ ಊಟಕ್ಕೆ ಕೂತಾಗ, ಮೌನ ತಡೆಯಲಾರದೆ, ಇದನ್ನು ಬಾಯಿಬಿಟ್ಟ. ದುರಗವ್ವ ತಲೆ ಎತ್ತಿ ನೋಡಿದಳು.

ಮರುದಿನ ಅವಳೇ ಕೇಳಿದಳು. "ಇವತ್ತೂ ಹೊತ್ಕೊಂಡ ಅಡ್ಡಾಡಾಕತ್ತೈತೇನ್ರಿ?"

ಎಂಟು ತಿಂಗಳಿಗೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಹುಲಗಪ್ಪ ಹೌದು ಎಂದ. ಉಳಿದ ಹೆಣ್ಣುಗಳು ಅದರ ಪಕ್ಕ ಮೈಗೆ ಮೈ ತಾಗಿಸಿ ಕೂಡುತ್ತವೆ, ಅದು ಹಿಂದೆ ಬಿದ್ದರೆ ಗುಂಪೆಲ್ಲ ನಿಂತು ಕಾಯುತ್ತದೆ, ಯಾರೂ ಮರಿಯನ್ನು ಮುಟ್ಟುವುದಿಲ್ಲ ಎಂದೂ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೂರನೆಯ ದಿನ ಮಾಸ್ತರು ನೋಟಬುಕ್ಕು ಓದಿ, ಬಲಗಡೆ ಬರೆದರು: 'ಮನುಷ್ಯನಿಗೆ ಸಾವಿನ ಅರಿವುಂಟು, ಆದುದರಿಂದ ಅವನು ಶವವನ್ನು ಬಿಟ್ಟುಕೊಡಬಲ್ಲ.' ಬರೆದು, ಆ ಮರಿಯ ದೇಹ ಅಳತೆಗೆ ಬೇಕು, ಹೇಗಾದರೂ ತಂದುಕೊಡು ಎಂದರು. ಕೆಟ್ಟ ಮನುಷ್ಯರೇನಲ್ಲ. ಕಿವಿಹರಕಿ ಹತ್ತಿರ ಬಿಟ್ಟುಕೊಳ್ಳುವುದು ಹುಲಗಪ್ಪನೊಬ್ಬನನ್ನೇ ಎಂದು ಅವರಿಗೆ ಗೊತ್ತಿತ್ತು, ಅಷ್ಟೆ.

ಗುರುವಾರ ಅವನು ಕಿಸೆ ತುಂಬ ಶೇಂಗಾ ಒಯ್ದು ಸುರುವಿದ. ಕಿವಿಹರಕಿ ಕೆಳಗಿಳಿದು ಬಂತು. ಎರಡೂ ಕೈ ಬೇಕಾದವು ನೋಡಿ, ಒಣಗಿ ಹಗುರಾಗಿದ್ದ ಮರಿಯನ್ನು ಮೆಲ್ಲಗೆ ನೆಲಕ್ಕಿಟ್ಟಿತು. ಅವನ ಕೈಗೆ ಒಂದು ಮೊಳ ದೂರದಲ್ಲಿಟ್ಟಿತು. ಇಟ್ಟು ಅವನ ಮುಖವನ್ನು ಒಮ್ಮೆ ನೋಡಿ ಶೇಂಗಾ ಸುಲಿಯತೊಡಗಿತು. ಅವನಿಗೆ ಕೂಸಿನ ಕಿವಿಗೆ ಅರಿವೆ ಸುತ್ತುತ್ತಿದ್ದ ದುರಗವ್ವನ ಬೆರಳುಗಳು ನೆನಪಾದವು. ಕೈ ಏಳಲಿಲ್ಲ. ಎದ್ದು ಬಂದು ಮಾಸ್ತರಿಗೆ, ಆಗಲಿಲ್ಲರಿ ಎಂದ. ಅವರು ಮೋರೆ ಗಂಟು ಹಾಕಿಕೊಂಡರು.

ಮನೆಗೆ ಬಂದವನು ಇದನ್ನು ಹೆಂಡತಿಗೆ ಹೇಳಲೇಬೇಕೆಂದು ಕಾದು ಹೇಳಿದ. ಹೇಳುವಾಗ ಒಳಗೊಳಗೇ ಒಂದು ಹೆಮ್ಮೆ ಇತ್ತು. ಅದನ್ನು ಮುಚ್ಚಿಡುವುದೇಕೆ, ಇತ್ತು.

ದುರಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಹಂಗಾರ ಕಸಕೋಬಾರದು ಅನ್ನೂದು ನಿಮಗ ಗೊತ್ತೈತಿ" ಎಂದಳು.

ಅವನು ಕೈಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟ.

"ನನ್ನ ಕೂಸು ಎಲ್ಲಿ ಇಟ್ಟೀರಿ? ಬಾಯಿಲೆ ಹೇಳಬ್ಯಾಡ್ರಿ. ತೋರಸ್ರಿ."

ಆಯ್ತವಾರ ಹೋಗೋಣ ಎಂದ. ಬೇರೇನು ಹೇಳುವುದಕ್ಕೂ ಅವನಿಗೆ ಧೈರ್ಯವಾಗಲಿಲ್ಲ.

ಶನಿವಾರ ಕಿವಿಹರಕಿ ಮರಿಯನ್ನು ತಾನೇ ಬಿಟ್ಟಿತು. ಇಪ್ಪತ್ತೇಳನೆಯ ಮರದ ತುದಿಗೇರಿ, ಯಾರ ಕೈಗೂ ಎಟುಕದ ಒಂದು ಕವಲಿನಲ್ಲಿ ಇಟ್ಟು, ಪಕ್ಕದಲ್ಲೇ ಬಹಳ ಹೊತ್ತು ಕೂತು, ಕಡೆಗೆ ಗುಂಪಿನ ದಾರಿ ಹಿಡಿಯಿತು. ಹುಲಗಪ್ಪ ಗಡಿಯಾರ ನೋಡಿ ಬರೆದ: ಹತ್ತು ಗಂಟೆ ಇಪ್ಪತ್ತು ನಿಮಿಷ. ಮಾಸ್ತರು ಬಂದು ಕತ್ತು ನೋಯುವ ತನಕ ಮೇಲೆ ನೋಡಿ, ಹೋಗಲಿ ಬಿಡು ಎಂದರು. ದುರಗವ್ವ ಕೇಳಿದಾಗ ಅವನು ಮರದ ನಂಬರನ್ನೂ ಗಂಟೆಯನ್ನೂ ತಪ್ಪದೆ ಹೇಳಿದ.

ಆಯ್ತವಾರ ಬೆಳಿಗ್ಗೆ ಇಬ್ಬರೂ ಹಳ್ಳದ ದಂಡೆಗೆ ಹೋದರು. ಆ ಕಡೆಯ ಎಳೆಕೂಸುಗಳನ್ನೆಲ್ಲ ಮಣ್ಣು ಮಾಡುವುದು ಅಲ್ಲಿಯೇ. ನರಿ ಕೆದರಬಾರದೆಂದು ಎಲ್ಲರೂ ಮೇಲೆ ಮುಳ್ಳು, ಕಲ್ಲು ಹೇರುತ್ತಾರೆ. ಶ್ರಾವಣದಲ್ಲಿ ಆಳೆತ್ತರ ಹಸಿರಿದ್ದ ಜಾಗ ಈಗ ಬೋಳಾಗಿತ್ತು, ಕಣ್ಣು ಹಾಯುವಷ್ಟೂ ಕಲ್ಲಿನ ಸಣ್ಣ ಗುಡ್ಡೆಗಳು. ಹುಲಗಪ್ಪ ಒಂದರ ಹತ್ತಿರ ಹೋದ, ನಿಂತ, ಇನ್ನೊಂದರ ಹತ್ತಿರ ಹೋದ. ಯಾವುದೋ ಒಂದನ್ನು ತೋರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಒಂದು ಗಳಿಗೆ ಅನಿಸಿತು. ಆದರೆ ಒಮ್ಮೆ ಸುಳ್ಳು ಹೇಳಿ ಕೂಸು ಇಸಿದುಕೊಂಡವನು ಎರಡನೆಯ ಸಲ ಯಾವ ಬಾಯಲ್ಲಿ ಹೇಳಬೇಕು?

"ತಿರುಗಿ ನೋಡಬಾರದು ಅಂದ್ರು. ನೋಡಲಿಲ್ಲ. ಎಲ್ಲೈತೋ ನನಗ ಗೊತ್ತಿಲ್ಲ ದುರಗಿ."

ತಿರುಗಿ ನೋಡಬಾರದು ಎಂದದ್ದು ಅಂದು ಅವನಿಗೂ ಅನುಕೂಲವೇ ಆಗಿತ್ತು. ಅದನ್ನು ಅವನು ಹೇಳಲಿಲ್ಲ. ಅವಳಿಗೆ ಹೇಳುವ ಅಗತ್ಯವೂ ಇದ್ದಂತಿರಲಿಲ್ಲ.

ಅವಳು ಬೈಯಲಿಲ್ಲ. ಅಷ್ಟೂ ಗುಡ್ಡೆಗಳ ಮೇಲೆ ಒಂದೊಂದಾಗಿ ಕಣ್ಣಾಡಿಸಿದಳು. ಬಿಸಿಲು ಏರುತ್ತಿತ್ತು.

"ಆ ಮುಸ್ಯಾನ ಮರಿ ಇರೂ ಮರಾ ನಿಮಗ ಗೊತ್ತೈತಲ್ರಿ. ಅಲ್ಲಿಗರೆ ನಡೀರಿ."

ಇಪ್ಪತ್ತೇಳನೆಯ ಮರದ ಬುಡದಲ್ಲಿ ನಿಂತು ಅವಳು ಮೇಲೆ ನೋಡಿದಳು. ಕವಲಿನಲ್ಲಿ ಹಿಡಿಯಷ್ಟು ಕಪ್ಪು ಕಾಣುತ್ತಿತ್ತು. ಸುಣ್ಣದಲ್ಲಿ ಬರೆದ ಗಂಡನ ಅಕ್ಷರಕ್ಕೆ ಹಣೆ ಹಚ್ಚಿ ಕೆಳಗೆ ಕುಸಿದು, ಎಂಟು ತಿಂಗಳ ಅಳುವನ್ನೆಲ್ಲ ಅತ್ತಳು. ಹುಲಗಪ್ಪ ಎರಡು ಮೊಳ ದೂರ ಕೂತ. ಮುಸುವಗಳು ಮೈ ತಾಗಿಸಿ ಕೂತದ್ದನ್ನು ಬರೆದವನೇ ಅವನು, ಆದರೂ ಅಷ್ಟು ಹತ್ತಿರ ಸರಿಯುವ ಹಕ್ಕು ತನಗೆ ಉಳಿದಿದೆ ಅನಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು ಎಷ್ಟು ಗಂಟೆ ಎಂದು ಕೇಳಿದಳು. ಹನ್ನೊಂದಾಗಲು ಐದು ನಿಮಿಷ ಎಂದ.

"ನನ್ನ ಮಗಳ ಹೆಸರಿಗೂ ಇದ ಜಾಗಾ ಬರಕೊಳ್ರಿ. ಮರದ ನಂಬರ, ಗಂಟಿ, ಎಲ್ಲಾ."

ಮಗಳಿಗೆ ಹೆಸರೇ ಇರಲಿಲ್ಲ. ಅಂದು ಅವನ ಹತ್ತಿರ ನೋಟಬುಕ್ಕೂ ಇರಲಿಲ್ಲ, ಪೆನ್ಸಿಲೂ ಇರಲಿಲ್ಲ. ಹೂಂ, ಬರೆದುಕೊಳ್ಳುತ್ತೇನೆ ಎಂದ.