ಹೊರೆಗಲ್ಲಿನಿಂದ ಇಪ್ಪತ್ತೆರಡು ಹೆಜ್ಜೆ

ರಬ್ಬರಿನದೋ ತೊಗಲಿನದೋ, ಎರಡೂ ಕಲಸಿಕೊಂಡು ಮೂಗಿಗೆ ಬರುವ ಈ ವಾಸನೆ, ಹೊಸ ಹಗ್ಗ ಕಟ್ಟಿದ ದಿನ ಹೋರಿಯ ಕೊರಳಿಂದ ಬರುತ್ತದಲ್ಲ, ಅದೇ, ಬೆವರು, ಎಣ್ಣೆ, ಹೆದರಿಕೆ — ಅಂಗಡಿಯ ತುಂಬ ಹೆದರಿಕೆಯನ್ನೇ ಪೆಟ್ಟಿಗೆಗಳಲ್ಲಿ ತುಂಬಿ ಜೋಡಿಸಿದ್ದಾರೆ ಅನ್ನಿಸಿ ಅಂಗಮ್ಮನಿಗೆ ನಗು ಬಂತು, ಬಂದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಬೂಟಿನಂಗಡಿಯ ಶಿವಲಿಂಗಂ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಗುರುವಾರ ಇದೇ ಬೆಂಚಿನ ಮೇಲೆ ಕೂತು ಇದೇ ಮನುಷ್ಯನಿಂದ ಕೊಂಡುಹೋದ ಬೂಟು ಈಗ ಅವಳ ಮಡಿಲಲ್ಲಿ, ಹಳದಿ ಚೀಲದೊಳಗೆ. ಪಕ್ಕದಲ್ಲಿ ಕನ್ನಿ, ಕನ್ನಿಯಮ್ಮಾಳ್, ಹನ್ನೊಂದು ತುಂಬಿದ ಮಗಳು, ಬರಿಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕೂತಿದ್ದಾಳೆ, ಯಾಕೆ ಎಳೆದುಕೊಳ್ಳಬೇಕು, ಕಾಲೇನು ಕದ್ದು ತಂದದ್ದೇ. ಇವತ್ತು ಶನಿವಾರ. ಸೋಮವಾರ ತಿರುಪ್ಪೂರಿನ ದೊಡ್ಡ ಸ್ಕೂಲಿನಲ್ಲಿ ಆರನೇ ಕ್ಲಾಸು ಶುರು, ಬೂಟಿಲ್ಲದೆ ಒಳಗೆ ಬಿಡುವುದಿಲ್ಲ ಅಂತ ಚೀಟಿ ಕೊಟ್ಟಿದ್ದಾರೆ, ಬೂಟು ಕಾಲಿಗೆ ಹತ್ತದಿದ್ದರೆ ಹುಡುಗಿ ಮನೆಯಲ್ಲೇ ಇರಲಿ ಅಂತ ಅತ್ತೆ ರಾಮಾಯಿ ಹೇಳಿಯಾಗಿದೆ — ಕಾಲೇ ಬೇಡ ಅಂತೈತೆ, ನೀನ್ಯಾಕಮ್ಮ ಕುಣೀತೀಯ. ಗಂಡ ಸೆಲ್ಲಪ್ಪನ್ ಗೋಡೆ ನೋಡಿದ. ಗೋಡೆಯಲ್ಲಿ ಏನಿತ್ತೋ, ಹದಿಮೂರು ವರ್ಷದಿಂದ ಅವ್ವ ಮಾತಾಡಿದಾಗೆಲ್ಲ ಅವನು ಆ ಗೋಡೆಯನ್ನೇ ನೋಡುತ್ತಾನೆ.

ತಪ್ಪು ಕಾಲಿನದಲ್ಲ, ಕಡ್ಡಿಯದು. ಕಡ್ಡಿಯದೂ ಅಲ್ಲ, ತನ್ನದೇ, ಒಪ್ಪಿಕೊಳ್ಳೋಣ, ಆದರೆ ಇಲ್ಲಿ, ಮನಸ್ಸಿನೊಳಗೆ, ಅತ್ತೆಯ ಮುಂದೆ ಅಲ್ಲ. ಮನೆಯಲ್ಲಿ ಯಾರಿಗೆ ಚಪ್ಪಲಿ ಬೇಕಾದರೂ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳ ತುದಿಯ ತನಕ ಇಟ್ಟು ಪಟಕ್ಕನೆ ಮುರಿದು, ಸಂತೆಗೆ ಹೋಗುವವರ ಕೈಗೆ ಕೊಡುವುದು ವಾಡಿಕೆ, ಸೆಲ್ಲಪ್ಪನ್ ಕಾಂಗೇಯಂ ಸಂತೆಗೆ ಜೇಬಿನಲ್ಲಿ ಮೂರು ನಾಲ್ಕು ಕಡ್ಡಿ ಇಟ್ಟುಕೊಂಡು ಹೋಗಿ ಯಾವುದು ಯಾರದು ಅಂತ ಮರೆತು ಬಂದದ್ದೂ ಇದೆ, ಅತ್ತೆಗೆ ಮಗುವಿನ ಚಪ್ಪಲಿ ಬಂದದ್ದೂ ಇದೆ. ಚಪ್ಪಲಿಗೆ ಉದ್ದ ಒಂದಾದರೆ ಸಾಕು, ಪಕ್ಕಕ್ಕೆ ಪಾದ ಎಷ್ಟು ಚೆಲ್ಲಿದರೂ ಅದು ಕೇಳುವುದಿಲ್ಲ. ಬೂಟಿಗೆ ಗೋಡೆ ಇದೆ ಅಂತ ಯಾರಿಗೆ ಗೊತ್ತಿತ್ತು, ತವರಿನಲ್ಲಿ ಇಲ್ಲ, ಗಂಡನ ಮನೆಯಲ್ಲಿ ಇಲ್ಲ, ಯಾರು ಹಾಕಿದ್ದರು ಬೂಟನ್ನು. ಕಡ್ಡಿ ಹಿಡಿದು ಒಬ್ಬಳೇ ಬಂದಳು, ಕಡ್ಡಿಗೆ ಸರಿಯಾಗಿ ಪಟ್ಟಿ ಬೂಟು ಕೊಂಡಳು, ಬಕಲ್ ಹಾಕುವ ಹುಡುಗಿಯರ ಬೂಟು, ಅಂದವಾಗಿತ್ತು, ಸಂಜೆ ಕನ್ನಿ ಕಾಲು ತೂರಿದರೆ ಮೂರು ಬೆರಳು ಒಳಗೆ ಹೋದವು, ಎರಡು ಹೊರಗೆ ನಿಂತವು. ಹನ್ನೊಂದು ವರ್ಷ ಬದು ಹತ್ತಿ ಇಳಿದ ಕಾಲು, ಬೆರಳೆಲ್ಲ ಬೀಸಣಿಗೆಯ ಹಾಗೆ ಬಿಡಿಸಿಕೊಂಡಿದೆ, ಮಣ್ಣು ಹಿಡಿದು ನಿಲ್ಲುವ ಕಾಲು ಹಾಗೇ ಇರಬೇಕು, ಅದರಲ್ಲಿ ನಾಚಿಕೆ ಏನು.

ಹಾಕ್ಕೊಂಡು ನಡೆದ ಬೂಟು ವಾಪಸ್ ತಗೊಳ್ಳಲ್ಲ ಅಕ್ಕಾ — ಶಿವಲಿಂಗಂ, ತಮಿಳಿನಲ್ಲಿ, ಮುಖ ಎತ್ತದೆ. ಪಾರುಂಗಣ್ಣಾ, ನೋಡಿ ಅಣ್ಣಾ, ಅಂದಳು ಅವಳು, ಬೂಟನ್ನು ತಿರುಗಿಸಿ ಅಡಿಯನ್ನೇ ಅವನ ಮೂಗಿನ ಹತ್ತಿರ ಹಿಡಿದಳು, ನಡೆದಿದ್ರೆ ಮಣ್ಣು ಎಲ್ಲಿ, ಗೀರು ಎಲ್ಲಿ, ಹೊಸ ಗೋಣಿಚೀಲ ಹಾಸಿ ಅದರ ಮೇಲೆ ಹಾಕಿ ನೋಡಿದ್ದು, ಎರಡು ಹೆಜ್ಜೆನೂ ಇಡಿಸಿಲ್ಲ. ಅಷ್ಟು ಬುದ್ಧಿ ಗುರುವಾರವೇ ಇತ್ತು, ದೇವರು ದೊಡ್ಡವನು. ಅವನು ಅಡಿಯನ್ನು ಬೆರಳಿನಿಂದ ಒರೆಸಿ ಬೆರಳನ್ನು ನೋಡಿಕೊಂಡ. ನೀವು ವಕೀಲರಾಗಬೇಕಿತ್ತಕ್ಕಾ. ಆಗಬೇಕಿತ್ತು, ಹೈಸ್ಕೂಲಿಗೆ ಹನ್ನೊಂದೇ ದಿನ ಹೋದದ್ದು.

ಹನ್ನೊಂದು ದಿನ. ಯಾಕೆ ಬಾಯಿಗೆ ಬಂತು ಅದು, ಯಾರಿಗೂ ಹೇಳಿದ್ದಿಲ್ಲ. ತವರಿನಿಂದ ಹೈಸ್ಕೂಲು ಎರಡು ಮೈಲಿ, ಹೊಸದಾಗಿ ಟಾರು ಹಾಕಿದ ರಸ್ತೆ, ಜೂನಿನ ಬಿಸಿಲಿಗೆ ಟಾರು ಕರಗಿ ಪಾದಕ್ಕೆ ಹಿಡಿಯುವುದು, ಹುಲ್ಲಿನ ಮೇಲೆ ಓಡಿ ಓಡಿ ಹೋಗುವುದು, ಸಂಜೆ ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಕಪ್ಪು ತೆಗೆಯುವನು, ಎಷ್ಟು ಮೆಲ್ಲಗೆ ತೆಗೆಯುತ್ತಿದ್ದ, ಹತ್ತು ಸಂಜೆ ತೆಗೆದ, ಹನ್ನೊಂದನೆಯ ಸಂಜೆ ಬೊಬ್ಬೆ ಒಡೆದು ಎಣ್ಣೆಗೆ ರಕ್ತ ಕಲಸಿತು, ಸಾಕು ಬುಡಮ್ಮಣಿ ಅಂದ ಅಪ್ಪ, ಕಣ್ಣಲ್ಲಿ ನೀರು ಹಾಕಿಕೊಂಡೇ ಅಂದ. ಒಂದು ಜೊತೆ ಚಪ್ಪಲಿ ತಂದರೆ ಆಗುತ್ತಿತ್ತು ಅನ್ನುವುದು ಆ ಪ್ರೀತಿಯ ಮನುಷ್ಯನ ತಲೆಗೆ ಹೊಳೆಯಲೇ ಇಲ್ಲ, ಅವಳಿಗೂ ಹೊಳೆಯಲಿಲ್ಲ, ಹೆಣ್ಣುಮಕ್ಕಳ ಕಾಲಿಗೆ ಚಪ್ಪಲಿ ಅಂತ ಒಂದು ಉಂಟು ಅಂತ ಯಾರೂ ನೋಡಿರಲಿಲ್ಲ. ಈಗ ಹೊಳೆದಿದೆ. ಈಗ ಯಾರೂ ಸಾಕು ಬುಡು ಅನ್ನುವ ಹಾಗಿಲ್ಲ.

ಶಿವಲಿಂಗಂ ಒಂದು ನಂಬರು ದೊಡ್ಡ ಪಟ್ಟಿ ಬೂಟು ತಂದ. ಬೆರಳು ಐದೂ ಒಳಗೆ ಹೋದವು, ಹಿಮ್ಮಡಿ ಹಿಂದೆ ಹೆಬ್ಬೆಟ್ಟು ತೂರುವಷ್ಟು ಸಂದು, ನಡೆದರೆ ಲೊಟಕ್ ಲೊಟಕ್. ಬನಿಯನ್ ಕಂಪನಿಯ ವೇಸ್ಟ್ ಬಟ್ಟೆ ತುಂಬಿಸಿ ಅಕ್ಕಾ, ಈ ಊರಲ್ಲಿ ಅದಕ್ಕೇನು ಬರವಾ, ಎಲ್ಲ ಅಮ್ಮಂದಿರೂ ಅದನ್ನೇ ಮಾಡೋದು. ತುಂಬಿಸಬಹುದು, ತುಂಬಿಸಿದ್ದು ಮಧ್ಯಾಹ್ನಕ್ಕೆ ಗಂಟು ಕಟ್ಟುತ್ತದೆ, ಹಿಮ್ಮಡಿ ಉಜ್ಜುತ್ತದೆ, ಉಜ್ಜಿದ್ದು ಹುಣ್ಣಾಗುತ್ತದೆ, ನೊಗ ಸರಿ ಕೂರದ ಎತ್ತಿನ ಹೆಗಲು ನೋಡಿಲ್ಲವೇ ಅವಳು, ಆಮೇಲೆ ಅತ್ತೆ ಹುಣ್ಣು ತೋರಿಸಿ ಹೇಳುತ್ತಾರೆ, ನಾನೇಳಿದ್ನಲ್ಲ. ಬೇಡ. ಅದೇನು ಅಣ್ಣಾ ಮೇಲೆ, ಆ ದಾರ ಹಾಕಿರೋದು. ಅದು ಹುಡುಗರದ್ದಕ್ಕಾ. ಇಳಿಸಿ. ಹುಡುಗರದ್ದು ಅಂತ ಹೇಳಿದ್ನಲ್ಲ. ಕಿವಿ ಕೇಳ್ತದೆ, ಇಳಿಸಿ. ಇಳಿಸಿದ. ದಾರ ಸಡಿಲಿಸಿದರೆ ಬೂಟು ಬಾಯಿ ತೆರೆದುಕೊಳ್ಳುತ್ತದೆ, ಅಗಲ ಎಷ್ಟು ಬೇಕೋ ಅಷ್ಟು, ಹಿಮ್ಮಡಿ ಬಿಗಿ, ಮುಂದೆ ಜಾಗ — ಯಾವನೋ ಪುಣ್ಯಾತ್ಮ ಕಾಲನ್ನು ನೋಡಿ ಮಾಡಿದ ಬೂಟು, ಕಡ್ಡಿಯನ್ನು ನೋಡಿ ಅಲ್ಲ. ಕನ್ನಿ ಎದ್ದು ನಿಂತಳು, ತಲೆ ಬಗ್ಗಿಸಿ ನೋಡಿದಳು, ಅಮ್ಮಾ, ಒಳಗೆ ಬೆರಳು ಆಡ್ತಾ ಅವೆ, ಅಂದಳು.

ಸ್ಕೂಲಲ್ಲಿ ಒಪ್ಪಲ್ಲ ಅಂತ ಶಿವಲಿಂಗಂ. ಅಂಗಮ್ಮ ಸೊಂಟದ ಚೀಲದಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು, ಐದನೇ ಕ್ಲಾಸಿನ ತಮಿಳನ್ನು ಅಕ್ಷರ ಅಕ್ಷರ ಕೂಡಿಸಿ ಅಂಗಡಿಗೆಲ್ಲ ಕೇಳುವ ಹಾಗೆ ಓದಿದಳು, ಕಪ್ಪು ಬೂಟು, ಬಿಳಿ ಕಾಲುಚೀಲ. ಹುಡುಗಿ ಬೂಟು, ಹುಡುಗ ಬೂಟು ಅಂತ ಎಲ್ಲಿ ಬರೆದವ್ರೆ ತೋರಿಸಿ ಅಣ್ಣಾ. ಅವನು ಚೀಟಿ ಇಸಿದುಕೊಂಡು ಹಿಂದೆ ಮುಂದೆ ನೋಡಿದ. ಬರೆದಿಲ್ಲ. ಆಮೇಲೆ ಅವನಿಗೂ ನಗು ಬಂತು, ಒಳ್ಳೆಯ ಮನುಷ್ಯನೇ, ಹಳೇ ಜೊತೆಯನ್ನು ತೆಗೆದು ಪೆಟ್ಟಿಗೆಗೆ ಹಾಕಿದ, ಸ್ಕೂಲಲ್ಲಿ ಕೇಳಿದ್ರೆ ಅಂಗಡಿಯವನು ಬೇಡ ಅಂದ ಅಂತ ನೀವೇ ಹೇಳಬೇಕಕ್ಕಾ. ಹೇಳ್ತೀನಿ, ಬಿಡಿ.

ಆಗಲೇ ಕನ್ನಿ ಸೆರಗು ಹಿಡಿದು ಎಳೆದದ್ದು, ಪಿಸುಮಾತಿನಲ್ಲಿ, ಮನೆಯ ಕನ್ನಡದಲ್ಲಿ: ಅಮ್ಮಾ, ದೊಡ್ಡ ತಾತನ ಮನೆ ಮುಂದೆ ಇದನ್ನ ಬಿಚ್ಚೋದೆಂಗೆ?

ಬಿಚ್ಚೋದು ಹೇಗೆ. ಅಂಗಡಿಯ ಬಾಗಿಲಾಚೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ, ನೀಲಿ ಪಟ್ಟಿಯದು, ಕಾಯುತ್ತಾ ಬಿದ್ದಿದೆ. ಬಸ್ಸು ನಿಲ್ಲುವಲ್ಲಿಂದ ಓಣಿ ಹಿಡಿದರೆ ಮೊದಲು ಹೊರೆಗಲ್ಲು, ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲು, ಅಲ್ಲಿಂದ ಮನೆಯ ಬಾವಿಯಂಗಳದ ಬಾಗಿಲ ತನಕ ಇಪ್ಪತ್ತೆರಡು ಹೆಜ್ಜೆ, ಮಧ್ಯದಲ್ಲಿ ಮಾವನ ಅಣ್ಣ, ಕನ್ನಿಯ ದೊಡ್ಡ ತಾತ, ದೊಡ್ಡ ಮಾವ ಮಾರಪ್ಪನ್‌ನ ಜಗಲಿ, ಅವನು ಅಲ್ಲಿ ಕೂತಿರಲಿ ಇಲ್ಲದಿರಲಿ, ಮನೆಯ ಹೆಂಗಸರು ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿ, ಆ ಇಪ್ಪತ್ತೆರಡು ಹೆಜ್ಜೆ ಬರಿಗಾಲಲ್ಲಿ ದಾಟಬೇಕು. ಗಂಡಸರು ದಡಬಡ ಹಾಕಿಕೊಂಡೇ ಹೋಗುತ್ತಾರೆ, ನಾಯಿ ಮಲಗಿದರೂ ಕೇಳುವವರಿಲ್ಲ. ಮದುವೆಯಾಗಿ ಬಂದ ಎಂಟನೇ ದಿನ ಸೆಲ್ಲಪ್ಪನ್ ಆಸೆಯಿಂದ ಚಪ್ಪಲಿ ತಂದುಕೊಟ್ಟ, ಅತ್ತೆ ಕೈ ಹಿಡಿದು ಕರೆದುಕೊಂಡು ಹೋಗಿ ಕಲ್ಲನ್ನು ತೋರಿಸಿದರು, ಇಲ್ಲಿ ಬಿಚ್ಚು, ಅಲ್ಲಿ ಆಕು, ಹೇಳಿ ತಮ್ಮ ಚಪ್ಪಲಿಯನ್ನು ಕಂಕುಳಿಗೆ ತೂರಿಸಿಕೊಂಡು ನಡೆದು ತೋರಿಸಿದರು, ಮುದುಕಿಯ ಕಂಕುಳಿಂದ ಚಪ್ಪಲಿಯ ಹಿಮ್ಮಡಿ ಹಕ್ಕಿಮರಿಯ ಮೂತಿಯ ಹಾಗೆ ಇಣುಕುತ್ತಿತ್ತು. ಯಾಕೆ ಅತ್ತೆ. ಯಾಕೆ ಅಂದ್ರೆ, ನಮ್ಮತ್ತೆ ಮಾಡ್ತಿದ್ರು. ಅಷ್ಟೇ. ದೊಡ್ಡ ಮಾವ ಯಾವತ್ತಾದರೂ ಬಾಯಿಬಿಟ್ಟು ಹೇಳಿದ್ದನೇ, ಗೊತ್ತಿಲ್ಲ, ಹೆಂಗಸರು ದಾಟುವಾಗ ಅವನು ಮುಖ ಆ ಕಡೆ ತಿರುಗಿಸುತ್ತಾನೆ, ಪಾಪ, ಕತ್ತು ನೋವು ಬಂದಿರಬೇಕು ಇಷ್ಟು ವರ್ಷಕ್ಕೆ.

ಬಕಲಿನ ಬೂಟಾದರೆ ಚಿಟಕ್ಕನೆ ಬಿಚ್ಚಬಹುದಿತ್ತು. ದಿನಕ್ಕೆ ಎರಡು ಸಲ, ಸ್ಕೂಲಿಗೆ ಹೋಗುವಾಗ ಬರುವಾಗ, ಹುಡುಗಿ ಪುಸ್ತಕದ ಚೀಲ ಹೆಗಲಿಗೆ, ಬೂಟು ಕಂಕುಳಿಗೆ, ಏಳು ವರ್ಷ. ಲೆಕ್ಕ ಹಾಕಲೇ ಮನಸ್ಸು ಬರಲಿಲ್ಲ. ಹೀಗೆ ಕೊಡಿ ಕಾಲು, ಅಂತ ಶಿವಲಿಂಗಂ ದಾರ ಕಟ್ಟುವುದು ತೋರಿಸಲು ಬಗ್ಗಿದ, ನೋಡಕ್ಕಾ, ಒಂದು ಎಳೆದರೆ ಬಿಚ್ಚಿಕೊಳ್ಳುತ್ತೆ. ಅಯ್ಯೋ, ಇದು ಕರುವಿಗೆ ಕಟ್ಟುವ ಗಂಟು, ಹಾಲು ಕರೆಯುವಾಗ ಒಂದು ಕೈಯಲ್ಲಿ ಎಳೆದು ಕರು ಬಿಡುವ ಗಂಟು, ಇದನ್ನು ಕಲಿಯಲು ಅಂಗಡಿಗೆ ಬರಬೇಕೇ. ಇನ್ನೊಂದು ಗಂಟು ಉಂಟು, ಬಾವಿಗೆ ಬಿಂದಿಗೆ ಇಳಿಸುವಾಗ ಹಾಕುವುದು, ಎಳೆದಷ್ಟೂ ಬಿಗಿ, ನೀರು ತುಂಬಿದ ಭಾರಕ್ಕೆ ಕೂಡ ಬಿಡುವುದಿಲ್ಲ. ಅಂಗಮ್ಮ ನೆಲಕ್ಕೆ ಕುಕ್ಕರಗಾಲಲ್ಲಿ ಕೂತಳು, ಮಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಅವನು ಕಟ್ಟಿದ್ದನ್ನು ಬಿಚ್ಚಿ ಬಿಂದಿಗೆಯ ಗಂಟು ಹಾಕಿದಳು, ಎರಡು ಕಾಲಿಗೂ, ಹಲ್ಲು ಕಚ್ಚಿ ಎಳೆದಳು. ಯಾರಾದರೂ ಬಿಚ್ಚು ಅಂದರೆ ಏನಂತೀಯ ನನ್ನ ಕಣ್ಣು? ಬಿಚ್ಚಕ್ಕಾಗಲ್ಲ ಅಂತೀನಿ. ಯಾರು ಕಟ್ಟಿದ್ದು ಅಂದ್ರೆ? ನೀನು. ಅಷ್ಟು ಸಾಕು. ಮನೆಗೆ ಹೋದ ಮೇಲೆ ಹೇಗೆ ಬಿಚ್ಚೋದಮ್ಮಾ? ದಾಸವಾಳದ ಕಡ್ಡಿ ತೂರಿಸಿ ಸಡಿಲಿಸ್ತೀನಿ, ಇಲ್ಲಾಂದ್ರೆ ಹಾಕ್ಕೊಂಡೇ ಮಲಗು. ಕನ್ನಿ ಕಿಸಕ್ಕನೆ ನಕ್ಕಳು. ಗುರುವಾರದಿಂದ ನಗದ ಹುಡುಗಿ.

ಬಸ್ಸಿನಲ್ಲಿ ಕಿಟಕಿಗೆ ಕೊಬ್ಬರಿ ಒಣಹಾಕಿದ ವಾಸನೆ, ಎಣ್ಣೆ ಗಾಣದ ಹೊಗೆ, ಅಪ್ಪನ ಕೈ, ಎಣ್ಣೆ ಹಚ್ಚಿದ ಕೈ, ಮೆಲ್ಲಗೆ ಮೆಲ್ಲಗೆ — ಅತ್ತೆ ಏನೆನ್ನುತ್ತಾರೆ, ಗಂಡುಬೀರಿ ಮಾಡ್ತಾ ಇದ್ದೀಯ ಅನ್ನುತ್ತಾರೆ, ಅನ್ನಲಿ, ದೊಡ್ಡವರ ಮುಂದೆ ಮರ್ಯಾದೆ ಇಲ್ವಾ ಅನ್ನುತ್ತಾರೆ, ಮರ್ಯಾದೆ ಕಂಕುಳಲ್ಲಿ ಇರ್ತದಾ ಅತ್ತೆ, ಅಂತ ಕೇಳುತ್ತೇನೆ, ಕೇಳುತ್ತೇನಾ, ಕೇಳುತ್ತೇನೆ, ಸೆಲ್ಲಪ್ಪನ್ ಗೋಡೆ ನೋಡಲಿ, ಈ ಸಲ ಗೋಡೆಯ ಮುಂದೆ ಹೋಗಿ ನಾನೇ ನಿಲ್ಲುತ್ತೇನೆ. ಕಂಡಕ್ಟರ್ ಶಿಳ್ಳೆ. ಇಳಿದರು. ನಾಲ್ಕೂವರೆಯ ಬಿಸಿಲು ಓರೆಯಾಗಿ ಓಣಿಗೆ ಬಿದ್ದಿದೆ, ಹೊರೆಗಲ್ಲಿನ ನೆರಳು ಉದ್ದಕ್ಕೆ ಮಲಗಿದೆ, ಜಗಲಿಯ ಮೇಲೆ ದೊಡ್ಡ ಮಾವ ಇದ್ದಾನೆ, ಇವತ್ತೇ ಇರಬೇಕೇ, ಇರಲಿ, ಬಾವಿಯ ಬಾಗಿಲಲ್ಲಿ ಬಿಳಿ ಸೀರೆ, ಅತ್ತೆ, ಕಾದು ನಿಂತಿದ್ದಾರೆ. ಕನ್ನಿ ಕಲ್ಲಿನ ಹತ್ತಿರ ನಿಂತು ತಿರುಗಿ ನೋಡಿದಳು. ಹೋಗು ಕಣ್ಣು. ಹೋದಳು. ಹೊಸ ಬೂಟು ಕಿರ್ ಕಿರ್ ಅನ್ನುತ್ತದೆ, ಹೆಂಗಸರ ಬೆರಳಿನ ಗುರುತುಗಳೇ ಇರುವ ಆ ಮೆತ್ತನೆ ಮಣ್ಣಿನಲ್ಲಿ ಗೀಟು ಗೀಟಾದ ಗುರುತು, ಒಂದು, ಎರಡು, ಐದು, ಎಂಟು. ದೊಡ್ಡ ಮಾವ ತಿರುಗಿಸಿದ ಮುಖವನ್ನು ಈ ಕಡೆ ತಂದ, ಸದ್ದಿಗೆ. ಯಾರು, ಕನ್ನಿಯಾ? ಏನದು ಕಾಲಲ್ಲಿ? ಬೂಟು ತಾತಾ, ಬಿಚ್ಚಕ್ಕಾಗಲ್ಲ, ಅಮ್ಮ ಕಟ್ಟವ್ರೆ. ಮುದುಕ ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ. ಕಚ್ತದಾ? ಇಲ್ಲ ತಾತಾ, ಬೆರಳು ಆಡ್ತದೆ. ಹ್ಞೂಂ, ಅಂದ, ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದ. ಅಷ್ಟೇ. ಇಷ್ಟೇನಾ, ಇಷ್ಟಕ್ಕಾ ಇಷ್ಟು ವರ್ಷ — ಹುಡುಗಿ ಬಿಳಿ ಸೀರೆಯ ಕಡೆ ನಡೆಯುತ್ತಿದ್ದಾಳೆ, ಹದಿನೈದು, ಹದಿನಾರು, ಅತ್ತೆಯ ಕಣ್ಣು ಮಾತ್ರ ಹುಡುಗಿಯ ಕಾಲಿನ ಮೇಲಿಲ್ಲ, ತನ್ನ ಮೇಲಿದೆ, ಅಂಗಮ್ಮನ ಮೇಲೆ, ತುಟಿಯಲ್ಲಿ ಸಣ್ಣ ನಗು, ಯಾಕೆ ನಗುತ್ತಾರೆ, ಏನು ನೋಡಿ ನಗುತ್ತಾರೆ, ಕಾಲಿಗೆ ಮಣ್ಣು ತಗುಲಿತು, ಬಿಸಿ ಮಣ್ಣು, ಬರಿಯ ಪಾದಕ್ಕೆ.

ಕಂಕುಳಲ್ಲಿ ಚಪ್ಪಲಿ.

ಯಾವಾಗ ಬಿಚ್ಚಿದಳು, ಯಾರು ಹೇಳಿದರು, ಕೈ ತಾನೇ ಬಿಚ್ಚಿದೆ, ತಾನೇ ಇಟ್ಟಿದೆ, ಸೆರಗು ಕೂಡ ಮುಚ್ಚಿದೆ, ಕಲ್ಲು ದಾಟಿ ಮೂರು ಹೆಜ್ಜೆ ಆಗಿಹೋಗಿದೆ. ಆಚೆ ಕೊನೆಯಲ್ಲಿ ಕನ್ನಿ ತಿರುಗಿ ನಿಂತು ನೋಡುತ್ತಿದ್ದಾಳೆ. ಅಂಗಮ್ಮ ನಿಂತಳು. ಮೂರು ಹೆಜ್ಜೆ ಹಿಂದಕ್ಕೆ ಹೋದಳು, ಕಲ್ಲಿನ ತನಕ. ಸೆರಗು ಸರಿಸಿ, ತೋಳು ಎತ್ತಿದಳು. ಕಂಕುಳಿಂದ ಜಾರಿ ಮಣ್ಣಿಗೆ ಬಿದ್ದ ಚಪ್ಪಲಿ — ನೀಲಿ ಪಟ್ಟಿ, ಒಂದು ನೆಟ್ಟಗೆ, ಒಂದು ಮಗುಚಿ — ಮಗುಚಿದ್ದನ್ನು ಕಾಲ ಹೆಬ್ಬೆರಳಿನಿಂದ ತಿರುಗಿಸಿದಳು.